ರೂಟರ್ ಹಾಕಿಸುವ ಮುಂಚೆ ಅರ್ಥಿಂಗ್ ನೋಡಿ

ಇಂಟರ್ನೆಟ್ ಹಾಕಲು ಬರುವ ಹುಡುಗರಿಗೆ ಯಾವಾಗಲೂ ಅವಸರ. ಗೋಡೆಗೆ ತೂತು ಹೊಡೆದು, ರೂಟರ್ ನೇತುಹಾಕಿ, ಪಾಸ್‌ವರ್ಡ್ ಬರೆದುಕೊಟ್ಟು ಹೊರಟುಬಿಡುತ್ತಾರೆ. ಹೆಚ್ಚಿನ ರೂಟರ್‌ಗಳು ಓಡುವುದು 12 ವೋಲ್ಟಿನಲ್ಲಿ, ಅದಕ್ಕೆ ಹೆದರಬೇಕಿಲ್ಲ. ಆದರೆ ಅಡಾಪ್ಟರ್ ಸಿಕ್ಕಿಸುವ ಸಾಕೆಟ್‌ನಲ್ಲಿ 230 ವೋಲ್ಟ್ ಇದೆ. ಡ್ರಿಲ್ ನುಗ್ಗುವ ಗೋಡೆಯೊಳಗೂ ಅದೇ ಇದೆ.

ಮೊದಲು ಜಾಗ ಗುರುತು ಮಾಡಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಅದೇ ಎತ್ತರದ ಅಕ್ಕಪಕ್ಕದಲ್ಲಿ ತೂತು ಬೇಡ. ವೈರಿನ ಪೈಪ್ ಸಾಮಾನ್ಯವಾಗಿ ಅಲ್ಲೇ ಹಾದಿರುತ್ತದೆ. ಆ ಕೋಣೆಯ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಡ್ರಿಲ್‌ಗೆ ಪಕ್ಕದ ಕೋಣೆಯಿಂದ ಎಕ್ಸ್‌ಟೆನ್ಷನ್ ಎಳೆದುಕೊಡಿ. ಇನ್ವರ್ಟರ್ ಇರುವ ಮನೆಯಲ್ಲಿ ಇಷ್ಟು ಸಾಲದು. ಫ್ಯಾನು, ಲೈಟಿಗೆ ಅದರ ಲೈನ್ ಬೇರೆಯೇ ಬಂದಿರುತ್ತದೆ, ಎಂಸಿಬಿ ಇಳಿಸಿದರೂ ಅದರಲ್ಲಿ ಕರೆಂಟ್ ಇರುತ್ತದೆ. ಅದನ್ನೂ ಆಫ್ ಮಾಡಿ.

ಆಮೇಲೆ ಸಾಕೆಟ್. ಟೂ ಪಿನ್ ಅಡಾಪ್ಟರ್ ಒಳಗೆ ಹೋಗದಿದ್ದರೆ ಮೇಲಿನ ದೊಡ್ಡ ತೂತಿಗೆ ಪೆನ್ನೋ ಟೆಸ್ಟರೋ ತೂರಿಸಿ ಒಳಗಿನ ಮುಚ್ಚಳ (ಶಟರ್) ತೆರೆಯುವ ಚಾಳಿ ನಮ್ಮಲ್ಲಿ ಜಾಸ್ತಿ. ಆ ತೂತು ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್‌ನದು. ವೈರಿಂಗ್ ತಪ್ಪಿರುವ ಮನೆಯಲ್ಲಿ ಅದರಲ್ಲೇ ಕರೆಂಟ್ ಇರಬಹುದು. ಸರಿಯಾದ ಸಾಕೆಟ್‌ಗೆ ಖರ್ಚಾಗುವುದು ಅಷ್ಟೇನಿಲ್ಲ, ಹಾಕಿಸಿಬಿಡಿ.

ರೂಟರ್ ಒಂದೇ ಇದ್ದರೆ ಅದರ ಪ್ಲಾಸ್ಟಿಕ್ ಅಡಾಪ್ಟರ್‌ಗೆ ಅರ್ಥ್ ಬೇಕಾಗುವುದಿಲ್ಲ. ಕ್ಯಾಮೆರಾಗಳಿಗೆ ಲ್ಯಾನ್ ಕೇಬಲ್‌ನಲ್ಲೇ ಕರೆಂಟ್ ಕೊಡುವ ಪಿಒಇ ಸ್ವಿಚ್ಚು (ಹಲವು ಲ್ಯಾನ್ ಕೇಬಲ್ ಸಿಕ್ಕಿಸುವ ಪೆಟ್ಟಿಗೆ), ಅದನ್ನು ಕೂರಿಸುವ ಕಬ್ಬಿಣದ ರ‍್ಯಾಕು ಬಂದವೋ, ಅರ್ಥಿಂಗ್ ಇರಲೇಬೇಕು. ರ‍್ಯಾಕಿಗೂ ಅರ್ಥಿಂಗ್‌ನ ಹಸಿರು ವೈರ್ ಬೇಕು. ವೋಲ್ಟೇಜ್ ದಿಢೀರ್ ಏರಿದಾಗ ಕಾಪಾಡುವ ಸ್ಪೈಕ್ ಗಾರ್ಡ್ ಕೊಂಡಿದ್ದೀವಲ್ಲ ಅನ್ನುತ್ತಾರೆ. ಅರ್ಥಿಂಗ್ ಇಲ್ಲದ ಬೋರ್ಡಿಗೆ ಸಿಕ್ಕಿಸಿದರೆ ಅದರ ಕೆಲಸ ಅರ್ಧಂಬರ್ಧ. ಅರ್ಥಿಂಗ್ ಗುಂಡಿ ಇದೆಯೆಂದ ಮಾತ್ರಕ್ಕೆ ನಂಬಬೇಡಿ. ಬೇಸಿಗೆಯಲ್ಲಿ ಮಣ್ಣು ಒಣಗಿರುತ್ತದೆ, ಕ್ಲಾಂಪ್ ತುಕ್ಕು ಹಿಡಿದಿರುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆದು ಮೀಟರಿನಲ್ಲಿ ಅಳೆಸಿ. ಅವರು ಬಂದಾಗಲೇ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ನೋಡಿಸಿ. ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ. ಟ್ರಿಪ್ ಆಗದಿದ್ದರೆ ಬದಲಿಸಿ.

ಲ್ಯಾನ್ ಕೇಬಲ್ಲನ್ನು ಕರೆಂಟ್ ವೈರಿನ ಪೈಪಿನೊಳಗೆ ತೂರಿಸಲು ಬಿಡಬೇಡಿ, ಬೇರೆ ಪೈಪ್ ಹಾಕಿಸಿ. ಕೇಬಲ್ ಅಪ್ಪಟ ತಾಮ್ರದ್ದಾಗಿರಲಿ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಮಾಲು ಪಿಒಇ ಕೆಲಸಕ್ಕೆ ಬೇಗ ಬಿಸಿಯಾಗುತ್ತದೆ.

ಮಲೆನಾಡಿನ ಕಡೆಯವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮನೆಯಿಂದ ಅಡಿಕೆ ಅಂಗಳಕ್ಕೋ ಕೊಟ್ಟಿಗೆಗೋ ಕ್ಯಾಮೆರಾ ಬೇಕೆಂದು ಲ್ಯಾನ್ ಕೇಬಲ್ ಎಳೆಸುತ್ತೀರಿ. 100 ಮೀಟರಿನೊಳಗಿದ್ದರೆ ಚೆನ್ನಾಗಿಯೇ ಓಡುತ್ತದೆ. ಆದರೆ ಹತ್ತಿರದಲ್ಲಿ ಸಿಡಿಲು ಬಡಿದಾಗ ಅಂಗಳದ ನೆಲಕ್ಕೂ ಮನೆಯ ನೆಲಕ್ಕೂ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಆಗಬಹುದು. ಆ ಕರೆಂಟಿಗೆ ನಿಮ್ಮ ತಾಮ್ರದ ಕೇಬಲ್ಲೇ ದಾರಿ. ಕ್ಯಾಮೆರಾ, ಸ್ವಿಚ್ಚು, ರೂಟರ್, ಟಿವಿ ಸಾಲಾಗಿ ಸುಟ್ಟುಹೋಗುತ್ತವೆ. ಎರಡು ಕಟ್ಟಡದ ನಡುವೆ ಫೈಬರ್ ಎಳೆಸಿ, ಎರಡೂ ತುದಿಗೆ ಫೈಬರನ್ನು ಲ್ಯಾನ್ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಹಾಕಿಸಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಕೇಬಲ್ ಜೊತೆ ಉಕ್ಕಿನ ತಂತಿ ಇದ್ದರೆ ಅದನ್ನು ಹೊರಗೋಡೆಯಲ್ಲೇ ನಿಲ್ಲಿಸಿ, ಕಬ್ಬಿಣದ ಎಳೆಯೇ ಇಲ್ಲದ ಕೇಬಲ್ ಸಿಕ್ಕರೆ ಇನ್ನೂ ಒಳ್ಳೆಯದು. ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಅದರ ಬೆಳಕು ಕಾಣಿಸದಿದ್ದರೂ ಕಣ್ಣಿಗೆ ಹಾನಿ ಮಾಡಬಹುದು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಸ್ವಿಚ್ ಆಫ್ ಮಾಡಿದರೆ ಆಗಲಿಲ್ಲ, ಪ್ಲಗ್ಗನ್ನೇ ಕೀಳಬೇಕು. ಹೊರಗಿನಿಂದ ಬಂದ ಲ್ಯಾನ್ ಕೇಬಲ್ಲನ್ನೂ ಕೀಳಿ. ಮೋಡ ಕಟ್ಟಿದಾಗಲೇ ಮಾಡಿ, ಗುಡುಗು ಶುರುವಾದ ಮೇಲೆ ವೈರ್ ಮುಟ್ಟಬೇಡಿ.

ಗಾಳಿಗೆ ಇಂಟರ್ನೆಟ್ ಕೇಬಲ್ ಹರಿದು ಕರೆಂಟ್ ತಂತಿಯ ಮೇಲೆ ಬಿದ್ದಿದ್ದರೆ, ಅದು ನಿಮ್ಮದೇ ಕೇಬಲ್ ಆದರೂ, ಕೋಲಿನಿಂದ ಎತ್ತಲು ಹೋಗಬೇಡಿ. ದೂರ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡುವವರೆಗೆ ಮಕ್ಕಳು, ದನ ಆ ಕಡೆ ಹೋಗದಂತೆ ನೋಡಿಕೊಳ್ಳಿ.