ಕಾದಾಗ ಮಾತ್ರ ಕೈಕೊಡುವ ಕಾಯಿಲ್

ದಾವಣಗೆರೆಯಿಂದ ಭರಮಸಾಗರಕ್ಕೆ ದಿನವೂ ಹೋಗಿಬರುವ ನನ್ನ ಹಳೆಯ ನೂರು ಸಿಸಿ ಬೈಕು ಏಪ್ರಿಲ್‌ನಲ್ಲಿ ಹೊಸ ಚಾಳಿ ಕಲಿಯಿತು. ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಮಧ್ಯಾಹ್ನ ಮರಳುವಾಗ ಆನಗೋಡು ಬರುವಷ್ಟರಲ್ಲಿ ಮುಗ್ಗರಿಸಿ ನಿಂತುಬಿಡುತ್ತಿತ್ತು. ಬೇವಿನ ನೆರಳಲ್ಲಿ ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹೊರಡುತ್ತಿತ್ತು. ಮೆಕ್ಯಾನಿಕ್ ಕಾರ್ಬುರೇಟರ್ ತೊಳೆದ, ಪ್ಲಗ್ ಬದಲಿಸಿದ. ಅವನ ಅಂಗಡಿ ತಲುಪುವ ಹೊತ್ತಿಗೆ ಬೈಕು ತಣ್ಣಗಾಗಿರುತ್ತಿತ್ತು; ಕಾಣದ ರೋಗಕ್ಕೆ ಅವನಾದರೂ ಏನು ಮಾಡಿಯಾನು?

ಒಂದು ದಿನ ನಿಂತಲ್ಲೇ ನೋಡಿದೆ. ಮೊದಲು ಟ್ಯಾಂಕಿನ ಮುಚ್ಚಳ ತೆರೆದೆ, ಗಾಳಿ ಕಟ್ಟಿ ಪೆಟ್ರೋಲ್ ಇಳಿಯದಿದ್ದರೂ ಹೀಗೇ ಆಗುತ್ತದೆ. ಫಲವಿಲ್ಲ. ಮುಚ್ಚಳ ಹಾಕಿ, ಹೊಸ ಪ್ಲಗ್ಗೊಂದನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹವನ್ನು ಇಂಜಿನ್ನಿಗೆ ಒತ್ತಿ ಹಿಡಿದು ಕಿಕ್ ಹೊಡೆದೆ. ಕಿಡಿಯೇ ಇಲ್ಲ. ಕುಡಿಯುವ ನೀರಿನಲ್ಲಿ ಕರವಸ್ತ್ರ ನೆನೆಸಿ ಟ್ಯಾಂಕಿನ ಕೆಳಗಿರುವ, ಪ್ಲಗ್ಗಿನ ಕಿಡಿಗೆ ಬೇಕಾದ ಭಾರೀ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೆ ಸುತ್ತಿದೆ. ಐದು ನಿಮಿಷಕ್ಕೆ ಕಿಡಿ ಬಂತು.

ಭಾನುವಾರ ಸೀಟು, ಟ್ಯಾಂಕು ಬಿಚ್ಚಿ ಕಾಯಿಲ್ ಹೊರತೆಗೆದೆ. ಮಲ್ಟಿಮೀಟರಿನ ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿದಾಗಲೇ 0.3 ಓಮ್ ತೋರಿಸುತ್ತಿತ್ತು. ಅದನ್ನು ಕಳೆದರೆ ಕಾಯಿಲಿನ ಪ್ರೈಮರಿ, ಅಂದರೆ ವಿದ್ಯುತ್ ಒಳಬರುವ ಸುರುಳಿ, ಅರ್ಧ ಓಮಿಗಿಂತ ಕಡಿಮೆ, ಸರಿಯಾಗಿಯೇ ಇತ್ತು. ಪ್ಲಗ್ ಕ್ಯಾಪ್ ಬಿಚ್ಚಿ ಅಳೆದ ಸೆಕೆಂಡರಿ, ಅಂದರೆ ಪ್ಲಗ್ಗಿಗೆ ಕಿಡಿ ಕಳಿಸುವ ಸುರುಳಿ, ಮೂರೂವರೆ ಸಾವಿರ ಓಮ್, ಅದೂ ಸರಿ. ಅಲ್ಲಿಗೇ ಬಿಟ್ಟಿದ್ದರೆ ಮೋಸ ಹೋಗುತ್ತಿದ್ದೆ. ಕಾಯಿಲನ್ನು ತಾರಸಿಯ ಕಡಪಾ ಕಲ್ಲಿನ ಮೇಲೆ ಬಿಸಿಲಿಗಿಟ್ಟು ಊಟ ಮಾಡಿ ಬಂದೆ. ಮುಟ್ಟಿದರೆ ಕೈ ಸುಡುವಷ್ಟು ಕಾದಿತ್ತು. ಈಗ ಸೆಕೆಂಡರಿ ಅಳೆದರೆ ಮೀಟರಿನ ಎಡತುದಿಯಲ್ಲಿ ಬರೀ ‘1’, ಅಂದರೆ ಒಳಗೆ ತಂತಿ ಬಿಟ್ಟಿದೆ. ಕೂದಲೆಳೆಯಷ್ಟು ಸಣ್ಣ ತಂತಿ. ಬಿಸಿಗೆ ಹಿಗ್ಗಿದಾಗ ಬಿಡುತ್ತದೆ, ತಣಿದಾಗ ಮತ್ತೆ ತಾಗಿಕೊಳ್ಳುತ್ತದೆ.

ಹೊಸದನ್ನು ತರುವಾಗ ನಾನೇ ಎಡವಿದೆ. ಬೋಲ್ಟಿನ ತೂತು ಕೂಡುತ್ತದೆ ಎಂದು ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದು ಜೋಡಿಸಿದೆ. ಬಂದದ್ದು ಹಳದಿ ಬಣ್ಣದ ಸೊರಗಿದ ಕಿಡಿ. ಪಕ್ಕದ ಮನೆಯ ಹುಡುಗ ಬಗ್ಗಿ ನೋಡಿ, “ಅಣ್ಣ, ಹಾಕುವ ಮೊದಲು ಅಳೆದಿರಾ?” ಎಂದ. ಅಳೆದಿರಲಿಲ್ಲ! ಪ್ರೈಮರಿ ಮೂರು ಓಮ್ ಇತ್ತು. ಅದು ಬ್ಯಾಟರಿಯ 12 ವೋಲ್ಟಿನಲ್ಲಿ ನಡೆಯುವ ಇಗ್ನಿಷನ್ನಿನ (ಕಿಡಿ ಹೊತ್ತಿಸುವ ವ್ಯವಸ್ಥೆಯ) ಕಾಯಿಲ್; ನನ್ನ ಬೈಕಿನಲ್ಲಿರುವುದು ಸಿಡಿಐ ಎಂಬ ಇನ್ನೊಂದು ಬಗೆ, ಕಾಯಿಲಿಗೆ ನೂರಾರು ವೋಲ್ಟನ್ನು ಒಮ್ಮೆಗೇ ಸುರಿಯುವಂಥದ್ದು. ಅದಲುಬದಲಾದರೆ ಇಲ್ಲಿ ಕಿಡಿ ಸೊರಗುತ್ತದೆ. ಸಿಡಿಐ ಕಾಯಿಲನ್ನು ಬ್ಯಾಟರಿ ಇಗ್ನಿಷನ್ನಿಗೆ ಹಾಕಿದರಂತೂ ಆ ಇಗ್ನಿಷನ್ನನ್ನು ನಡೆಸುವ ಯೂನಿಟ್ಟೇ ಸುಟ್ಟೀತು. ಮರುದಿನ ಮೀಟರನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋದೆ.

ಸರಿಯಾದದ್ದನ್ನು ಕೂರಿಸುವ ಮೊದಲು ಫ್ರೇಮಿನಲ್ಲಿ ಬೋಲ್ಟ್ ಕೂರುವ ಜಾಗದ ತುಕ್ಕನ್ನು ಉಪ್ಪುಕಾಗದದಿಂದ ಹೊಳೆಯುವಂತೆ ತಿಕ್ಕಿದೆ, ಕಾಯಿಲಿಗೆ ಅರ್ತ್, ಅಂದರೆ ವಿದ್ಯುತ್ ಮರಳುವ ದಾರಿ, ಸಿಗುವುದು ಅಲ್ಲಿಂದಲೇ. ದಪ್ಪ ವೈರಿನ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ ಕ್ಯಾಪನ್ನು ತಿರುಗಿಸಿ ಬಿಗಿದೆ. ಕಿಡಿ ನೀಲಿಯಾಗಿ ಚಟ್ಟೆಂದಿತು.

ಅಂದೇ ಸುಡುಬಿಸಿಲಲ್ಲಿ ಭರಮಸಾಗರದವರೆಗೆ ಎಲ್ಲಿಯೂ ನಿಲ್ಲಿಸದೆ ಹೋಗಿ ಬಂದೆ. ಹಳೆಯ ಕಾಯಿಲಿನ ಕ್ಯಾಪ್ ಮಾತ್ರ ಇನ್ನೂ ಗಟ್ಟಿಯಿತ್ತು. ಅದನ್ನು ಬಿಚ್ಚಿ ಸ್ಪಾನರುಗಳ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.