ವಿಳಿಂಜಂ ಬಂದರಿನ ಕಡತವನ್ನು ಹಿಂದಿನಿಂದ ಓದಿದ ಅನುಭವ

ಕೇರಳದ ತಿರುವನಂತಪುರದ ಬಳಿಯ ವಿಳಿಂಜಂ ಕಂಟೇನರ್ ಬಂದರು 2025ರ ಮೇ 2ರಂದು ಲೋಕಾರ್ಪಣೆಯಾದ ಮೇಲೆ ಮಂಜೇಶ್ವರದ ಕಡಲಕರೆಯ ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿ, “ಮಾಷ್ಟ್ರೇ, ಕಡಲಿಗೆ ಅಷ್ಟು ಕಲ್ಲು ಹಾಕಿದರೆ ಮರಳು ಎಲ್ಲಿಗೆ ಹೋಗುತ್ತದೆ ಎಂದು ಅವರು ಎಲ್ಲಿಯಾದರೂ ಬರೆದಿದ್ದಾರೆಯೇ?” ಎಂದು ಕೇಳಿದರು. ಕಡಲ್ಕೊರೆತವನ್ನು ಮನೆಯಂಗಳದಲ್ಲೇ ಕಂಡವರ ಪ್ರಶ್ನೆ ಅದು. ಬರೆದಿದ್ದರೆ ಓದಿ ಹೇಳುತ್ತೇನೆಂದು ಮಾತು ಕೊಟ್ಟೆ.

ಮೊದಲು ಮಾಡಿದ ತಪ್ಪೆಂದರೆ ಪರಿಸರ ಪರಿಣಾಮ ವರದಿಯನ್ನು ಒಂದನೆಯ ಪುಟದಿಂದ ಹಿಡಿದದ್ದು. ಒಂದು ವಾರ ಕಳೆದರೂ ಯೋಜನೆಯ ಅಗತ್ಯದ ವರ್ಣನೆಯಿಂದ ಆಚೆ ದಾಟಲಾಗಲಿಲ್ಲ. ಆಮೇಲೆ ಕ್ರಮ ಬದಲಿಸಿ, 2014ರ ಜನವರಿ 3ರ ಪರಿಸರ ಅನುಮತಿ ಪತ್ರವನ್ನು ಮುಂದಿಟ್ಟುಕೊಂಡು, ಅದರ ಷರತ್ತುಗಳಿಂದ ಹಿಂದಕ್ಕೆ ಓದತೊಡಗಿದೆ. ಅನುಮತಿಗೆ ಮೊದಲು ಯೋಜನೆಯನ್ನು ಪರಿಶೀಲಿಸುವ ತಜ್ಞರ ಸಮಿತಿಗೆ ಸಂಶಯ ಬಂದ ಕಡೆಯಲ್ಲೇ ಷರತ್ತು ಹುಟ್ಟಿರುತ್ತದೆ. ಆದ್ದರಿಂದ ಒಂದೊಂದು ಷರತ್ತನ್ನೂ ಸಮಿತಿಯ ಸಭೆಯ ನಡಾವಳಿಗೂ, ಅಲ್ಲಿಂದ ವರದಿಯ ಅಧ್ಯಾಯಕ್ಕೂ ಜೋಡಿಸಿದರೆ ಓದಬೇಕಾದ ಪುಟಗಳು ತಾವಾಗಿ ತೆರೆದುಕೊಳ್ಳುತ್ತವೆ. ಈ ಅನುಮತಿಯನ್ನು ಎತ್ತಿಹಿಡಿದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2016ರ ಸೆಪ್ಟೆಂಬರ್ 2ರ ತೀರ್ಪನ್ನೂ ಜೊತೆಗೆ ಇಟ್ಟುಕೊಂಡೆ. ತೀರದ ಬದಲಾವಣೆಯ ಮೇಲೆ ನಿಗಾ ಇಡುವ ಹೊಣೆ ಅದರಲ್ಲಿದೆ.

ಕರಡು ವರದಿಗೂ ಅಂತಿಮ ವರದಿಗೂ ಇರುವ ವ್ಯತ್ಯಾಸ ನನಗೆ ತಡವಾಗಿ ತಿಳಿಯಿತು. ಪರಿಸರ ಅನುಮತಿಯ ಕ್ರಮವನ್ನು ಹೇಳುವ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಹೊರಡಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಂಥ ಕಡೆಗಳಲ್ಲಿ ಓದಲು ಸಿಗಬೇಕು. ಸಾರಾಂಶ ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ಸ್ಥಳೀಯ ಭಾಷೆಯಲ್ಲೂ ಇರಬೇಕು. ಸಭೆಯಲ್ಲಿ ಎದ್ದ ಆಕ್ಷೇಪಗಳಿಗೆ ಉತ್ತರ ಸೇರಿಸಿದ ಮೇಲಷ್ಟೇ ವರದಿ ಅಂತಿಮವಾಗುತ್ತದೆ. ಹಾಗಾಗಿ ಎರಡನ್ನೂ ಅಕ್ಕಪಕ್ಕ ಇಡದೆ, ಜನ ಆಡಿದ ಮಾತಿಗೆ ಏನು ಬೆಲೆ ಬಂತೆಂದು ಹೇಳಲಾಗದು.

ಅನುಮತಿ ಸಿಕ್ಕ ಮೇಲೂ ಕಡತ ಮುಚ್ಚುವುದಿಲ್ಲ ಎನ್ನುವುದು ನನಗೆ ಅತ್ಯಂತ ಉಪಯೋಗಕ್ಕೆ ಬಂದ ಸಂಗತಿ. ಷರತ್ತುಗಳ ಪಾಲನೆಯ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ, ಕೇಳಿದವರಿಗೆ ಪ್ರತಿ ಕೊಡಬೇಕು. ನಾನು ಕನ್ನಡದಲ್ಲೇ ಅರ್ಜಿ ಬರೆದೆ. ಕೇರಳದ 1969ರ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಆ ಅವಕಾಶವನ್ನೂ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಉತ್ತರ ಮಲಯಾಳಂನಲ್ಲಿ ಬಂತು. (ನನಗೆ ಮಲಯಾಳಂ ಓದಲು ಬರುತ್ತದೆ, ಆದರೆ ಪ್ರಶ್ನೆ ಅದಲ್ಲ.) ಕಾಯ್ದೆಯನ್ನು ಉಲ್ಲೇಖಿಸಿ ಮತ್ತೊಮ್ಮೆ ಬರೆದ ಮೇಲೆ ಎರಡು ಸಾಲಿನ ಕನ್ನಡ ಪತ್ರವೂ ಇಂಗ್ಲಿಷಿನ ಲಗತ್ತೂ ಬಂದವು.

ಬಲೆ ಹೆಣೆಯುವ ಚಪ್ಪರದಲ್ಲಿ ಕುಳಿತು ಆ ಹಿರಿಯರಿಗೆ ಓದಿದ್ದನ್ನು ವಿವರಿಸುವಾಗ, ತೀರದುದ್ದಕ್ಕೂ ಅಲೆಯೊಡನೆ ಮರಳು ಸಾಗುವುದನ್ನು ಹೇಳುವ ತಾಂತ್ರಿಕ ಪದಕ್ಕೆ ನಾನು ತಡವರಿಸಿದೆ. ಅವರು ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು, ಅಡ್ಡಲಾಗಿ ಒಂದು ಚಿಪ್ಪನ್ನು ಇಟ್ಟು, ಒಂದು ಬದಿಗೆ ಮರಳು ಗುಡ್ಡೆ ಮಾಡಿ, ಇನ್ನೊಂದು ಬದಿಯನ್ನು ಕೆರೆದು ತೋರಿಸಿದರು. ಪರಿಸರ ವರದಿಗಳಿಗೆ ಗಾಳಿ, ನೀರಿನ ಮಾಹಿತಿಯನ್ನು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಉಳಿದ ಋತುವಿನಲ್ಲಿ ಸಂಗ್ರಹಿಸುತ್ತಾರೆ ಎಂದಾಗ ಅವರು ನಕ್ಕರು: “ಆಟಿಯ ಕಡಲನ್ನು ನೋಡದೆ ಕಡಲಿನ ಲೆಕ್ಕವೇ?” (ಆಟಿ ಎಂದರೆ ತುಳುವರ ಜಡಿಮಳೆಯ ತಿಂಗಳು.) ತೀರರೇಖೆಯ ಅಧ್ಯಯನ ಅದಕ್ಕಿಂತ ಬೇರೆ, ಅದಕ್ಕೆ ಹಲವು ವರ್ಷಗಳ ನಕ್ಷೆಗಳನ್ನು ಹೋಲಿಸುತ್ತಾರೆ ಎಂದು ಹೇಳಿದೆ. ಹಾಗಾದರೆ ಆ ಪುಟಗಳನ್ನೇ ಕನ್ನಡದಲ್ಲಿ ಬರೆದು ತನ್ನಿ ಎಂದರು. ಈಗ ಆ ಕೆಲಸದಲ್ಲಿದ್ದೇನೆ.