ಎಂಟಡಿ ಹಲಗೆ ಮೇಲೊಂದು ರೈಲು ನಿಲ್ದಾಣ: ಕಟ್ಟುವುದು ಹೇಗೆ?

ದಾವಣಗೆರೆಯಲ್ಲಿ ಬೆಂಗಳೂರು ಕಡೆಯ ರೈಲು ಹತ್ತಿದರೆ ತೋಳಹುಣಸೆ, ಕೊಡಗನೂರು, ಮಾಯಕೊಂಡ ದಾಟಿ ಚಿಕ್ಕಜಾಜೂರು ಬರುತ್ತದೆ. ಚಿತ್ರದುರ್ಗ, ರಾಯದುರ್ಗ, ಬಳ್ಳಾರಿ ಕಡೆ ಹೋಗುವ ಹಳಿ ಕವಲೊಡೆಯುವುದು ಅಲ್ಲೇ. ದಾರಿಯುದ್ದಕ್ಕೂ ಮೆಕ್ಕೆಜೋಳದ ಹೊಲ, ಅಡಿಕೆ ತೋಟ, ಬಳ್ಳಾರಿ ಜಾಲಿ. ನಿಲ್ದಾಣದಲ್ಲಿ ಹಳದಿ ಬೋರ್ಡು, ಬೇವಿನ ಮರ, ಲೂಪ್ ಲೈನಿನಲ್ಲಿ (ಮೇನ್ ಲೈನಿನಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಪಕ್ಕದ ಹಳಿ) ಕಾದು ನಿಂತ ಗೂಡ್ಸ್ ಗಾಡಿ. ಇಷ್ಟನ್ನೂ ಮನೆಯ ಒಂದು ಕೋಣೆಯಲ್ಲಿ ಪುಟ್ಟ ಮಾದರಿಯಾಗಿ ಕಟ್ಟಿ, ಅದರಲ್ಲಿ ರೈಲು ಓಡಿಸಬಹುದು.

ಮಾದರಿ ರೈಲಿನ ಹವ್ಯಾಸಕ್ಕೆ ಕೈ ಹಾಕುವವರು ಮೊದಲು ಪೆಟ್ಟಿಗೆ ಸೆಟ್ ತರುತ್ತಾರೆ. ಅದರ ಮೇಲಿನ ಚಿತ್ರದಲ್ಲಿ ಹಿಮದ ಬೆಟ್ಟ, ಪೈನ್ ಮರ, ಸುರಂಗ ಇರುತ್ತವೆ. ಅದನ್ನೇ ನೋಡಿ ಕಟ್ಟಲು ಹೊರಟರೆ ಬೇಗ ಬೇಸರ ಬರುತ್ತದೆ, ಏಕೆಂದರೆ ನಾವು ಆ ಊರನ್ನು ನೋಡಿಯೇ ಇಲ್ಲ. ಎಂಜಿನ್ ಎಲ್ಲಿಂದಲಾದರೂ ಬರಲಿ, ಊರು ಮಾತ್ರ ನಮ್ಮದೇ ಇರಲಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಣ್ಣ ನಿಲ್ದಾಣ ಆರಿಸಿಕೊಳ್ಳಿ. ಒಂದು ಮೇನ್ ಲೈನ್, ಒಂದು ಲೂಪ್ ಲೈನ್, ಒಂದು ಪ್ಲಾಟ್‌ಫಾರ್ಮ್ ಇದ್ದರೆ ಮೊದಲ ಸಲಕ್ಕೆ ಧಾರಾಳ.

ಅಳತೆ ಯಾವುದು, ಕಾಲ ಯಾವುದು

ಜಗತ್ತಿನಲ್ಲಿ ಹೆಚ್ಚು ಜನ ಬಳಸುವುದು ಎಚ್‌ಒ ಸ್ಕೇಲ್. ನಿಜವಾದ ವಸ್ತುವಿನ 87ನೇ ಒಂದು ಭಾಗ, ಹಳಿಗಳ ನಡುವೆ 16.5 ಮಿ.ಮೀ. ಜಾಗ ತೀರಾ ಕಡಿಮೆ ಇದ್ದರೆ ಎನ್ ಸ್ಕೇಲ್ ಇದೆ: 160ನೇ ಒಂದು ಭಾಗ, 9 ಮಿ.ಮೀ. ಹಳಿ. ಅದಕ್ಕೆ ಎರಡಡಿಗೆ ನಾಲ್ಕಡಿ ಹಲಗೆ ಸಾಕು. ಆದರೆ ಬೋಗಿ, ಕಟ್ಟಡಗಳನ್ನು ನೀವೇ ಕೈಯಾರೆ ಮಾಡುವುದಾದರೆ ಎಚ್‌ಒ ವಾಸಿ. ಭಾರತೀಯ ಗಾಡಿಗಳ ಮಾದರಿ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಹಾಗಾಗಿ ಕೈಕೆಲಸ ಬಂದೇ ಬರುತ್ತದೆ.

ಒಂದು ವಿಷಯ ಮೊದಲೇ ಒಪ್ಪಿಕೊಳ್ಳಬೇಕು. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗಿಂತ ತುಸು ಜಾಸ್ತಿ ಬರುತ್ತದೆ. ಸಿಗುವ ಹಳಿ 16.5. ಅಂದರೆ ಹಳಿ ಸುಮಾರು ಮೂರು ಮಿ.ಮೀ. ಕಿರಿದು. ಬೋಗಿ ಮೇಲೆ ನಿಂತಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಸಬರು ಇದಕ್ಕಾಗಿ ಹಳಿಯನ್ನೇ ಮಾಡಲು ಹೋಗಬಾರದು. ಈ ದಾರಿ 1990ರ ದಶಕದವರೆಗೆ ಮೀಟರ್ ಗೇಜ್ ಆಗಿತ್ತು. ಆ ಕಾಲದ ವೈಪಿ ಉಗಿ ಎಂಜಿನ್, ಕೆಂಗಂದು ಬೋಗಿಗಳ ಮೇಲೆ ಆಸೆ ಇರುವವರಿಗೆ 12 ಮಿ.ಮೀ. ಹಳಿ ಹೆಚ್ಚು ಕಡಿಮೆ ಸರಿಯಾಗಿ ಹೊಂದುತ್ತದೆ. ಅದು ಎರಡನೇ ಹಲಗೆಗೆ ಇರಲಿ.

ಕಾಲವನ್ನೂ ಈಗಲೇ ಗೊತ್ತು ಮಾಡಿ. 2023ರ ಜೂನ್‌ನಿಂದ ಈ ದಾರಿಯಲ್ಲಿ ಧಾರವಾಡದ ವಂದೇ ಭಾರತ್ ಓಡುತ್ತಿದೆ, ಮಕ್ಕಳು ಅದನ್ನೇ ಕೇಳುತ್ತಾರೆ. ಆದರೆ ಅದಕ್ಕೆ ಮೇಲೆ ವಿದ್ಯುತ್ ತಂತಿ, ಕಂಬ ಎಲ್ಲ ಬೇಕು. ಮೊದಲ ಸಲ ತಂತಿ ಎಳೆಯುವುದು ಕಷ್ಟ. 2010ರ ಆಸುಪಾಸು ಅಂದುಕೊಳ್ಳಿ. ಡೀಸೆಲ್ ಎಂಜಿನ್, ನೀಲಿ ಬೋಗಿ, ಅದಿರು ಗಾಡಿ. ಕೈ ಓಡುವಷ್ಟು ಕೆಲಸ, ಕಣ್ಣು ತುಂಬುವಷ್ಟು ಬಣ್ಣ.

ನಿಲ್ದಾಣವನ್ನು ನೋಡಿ ಬನ್ನಿ

ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು, ನೋಟ್‌ಬುಕ್ ಹಿಡಿದು ಒಂದು ಮಧ್ಯಾಹ್ನ ಸುಮ್ನೆ ಕೂತುಬಿಡಿ. ಅಳತೆಗಾಗಿ ಹಳಿಗೆ ಇಳಿಯಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅಪರಾಧ, ಅಪಾಯವಂತೂ ಇದ್ದೇ ಇದೆ. ಪ್ಲಾಟ್‌ಫಾರ್ಮ್ ಮೇಲೆ ಹೆಜ್ಜೆ ಹಾಕಿ ಕಟ್ಟಡದ ಉದ್ದ ಅಳೆಯಬಹುದು. ಬಾಗಿಲು ಸಾಮಾನ್ಯವಾಗಿ ಏಳಡಿ. ಅದನ್ನೇ ಕೋಲಾಗಿ ಇಟ್ಟುಕೊಂಡರೆ ಗೋಡೆ, ಸೂರು, ಕಿಟಕಿ ಎಲ್ಲದರ ಎತ್ತರ ಅಂದಾಜಿಗೆ ಸಿಗುತ್ತದೆ.

ಬರೆದುಕೊಳ್ಳಬೇಕಾದ್ದು ಸಣ್ಣ ಸಣ್ಣ ಸಂಗತಿ. ಬೋರ್ಡಿನಲ್ಲಿ ಯಾವ ಭಾಷೆ ಮೇಲೆ, ಯಾವುದು ಕೆಳಗೆ? ಕುಡಿಯುವ ನೀರಿನ ನಲ್ಲಿಯ ಕೆಳಗೆ ಪಾಚಿ ಎಲ್ಲಿಯವರೆಗೆ ಹಬ್ಬಿದೆ? ಗೋಡೆಯ ಕೆಳಭಾಗ ಮಣ್ಣು ಸಿಡಿದು ಎಷ್ಟು ಎತ್ತರಕ್ಕೆ ಕೆಂಪಾಗಿದೆ? ಅದಿರು ಗಾಡಿ ಬಂದರೆ ವ್ಯಾಗನ್ ಒಳಗೆ ನೋಡಲು ಮೇಲ್ಸೇತುವೆ ಇದ್ದರೆ ಹತ್ತಿ. ಬಾಕ್ಸ್‌ಎನ್ ಎಂಬ ತೆರೆದ ವ್ಯಾಗನ್ನಿನಲ್ಲಿ ಅದಿರು ಅರ್ಧಕ್ಕಿಂತ ಕೆಳಗೇ ಇರುತ್ತದೆ. ಅದಿರು ಅಷ್ಟು ಭಾರ, ಅಂಚಿನವರೆಗೆ ತುಂಬಿದರೆ ಗಾಡಿ ತಾಳುವುದಿಲ್ಲ. ಕಲ್ಲಿದ್ದಲು ಮಾತ್ರ ಮೇಲಿನವರೆಗೆ ಬರುತ್ತದೆ. ಮಾದರಿಯಲ್ಲಿ ಅಂಚಿನವರೆಗೆ ಕೆಂಪು ಅದಿರು ತುಂಬಿಟ್ಟವರು ನಿಜವಾದ ಗಾಡಿಯ ಒಳಗೆ ಇಣುಕಿಲ್ಲ ಎಂದು ಗೊತ್ತಾಗಿಬಿಡುತ್ತದೆ!

ಹಲಗೆ ಮತ್ತು ಹಳಿ

ಎಂಟಡಿಗೆ ನಾಲ್ಕಡಿಯ 12 ಮಿ.ಮೀ. ಪ್ಲೈವುಡ್ ಒಂದು ಹಾಳೆ, ಅದರ ಕೆಳಗೆ ಮರದ ಚೌಕಟ್ಟು. ಬಡಗಿಗೆ ಹೇಳಿದರೆ ಅರ್ಧ ದಿನದ ಕೆಲಸ. ಗೆದ್ದಲು, ತೇವ ತಡೆಯುವ ದರ್ಜೆಯ ಪ್ಲೈವುಡ್ಡೇ ಬೇಕು. ಕಾಲುಗಳಿಗೆ ಗಾಲಿ ಹಾಕಿಸಿ. ಗೋಡೆಗೆ ಒತ್ತಿ ಇಟ್ಟರೆ ಆ ಕಡೆ ಹಳಿ ತಪ್ಪಿದ ಬೋಗಿಗೆ ಕೈ ಎಟುಕುವುದಿಲ್ಲ.

ಹಳಿಯನ್ನು ಅಂಡಾಕಾರವಾಗಿ ಹಾಸಿ, ತಿರುವಿನ ತ್ರಿಜ್ಯ 50 ಸೆಂ.ಮೀ. ಇಟ್ಟರೆ ಅಂಚಿನಲ್ಲಿ ನಾಲ್ಕು ಬೆರಳು ಜಾಗ ಉಳಿಯುತ್ತದೆ, ನೇರ ಹಳಿ ಸುಮಾರು 125 ಸೆಂ.ಮೀ. ಸಿಗುತ್ತದೆ. ಲೂಪ್ ಲೈನಿನ ಎರಡೂ ತುದಿಯಲ್ಲಿ ಗಾಡಿಯನ್ನು ಹಳಿಯಿಂದ ಹಳಿಗೆ ತಿರುಗಿಸುವ ಪಾಯಿಂಟ್‌ಗಳು ಅದರಲ್ಲಿ ನಲವತ್ತೈದನ್ನು ನುಂಗುತ್ತವೆ. ಉಳಿದ ಎಂಬತ್ತರಲ್ಲಿ ಒಂದು ಎಂಜಿನ್, ನಾಲ್ಕು ವ್ಯಾಗನ್ ನಿಲ್ಲುತ್ತವೆ. ನಿಜವಾದ ಗೂಡ್ಸ್ ಗಾಡಿಗೆ ಐವತ್ತಕ್ಕೂ ಹೆಚ್ಚು ವ್ಯಾಗನ್ ಇರುತ್ತವಲ್ಲ ಎಂದು ಬೇಸರ ಬೇಡ. ಇಡೀ ಪ್ಲಾಟ್‌ಫಾರ್ಮನ್ನು ಅಳತೆಗೆ ಸರಿಯಾಗಿ ಮಾಡಹೊರಟರೆ ಆರು ಮೀಟರ್ ಬೇಕಾಗುತ್ತದೆ, ಯಾರ ಮನೆಯಲ್ಲಿದೆ ಅಷ್ಟು ಜಾಗ?

50 ಸೆಂ.ಮೀ. ತಿರುವೂ ಹಾಗೆಯೇ. ನಮ್ಮ ಬ್ರಾಡ್ ಗೇಜಿನ ಅತಿ ಕಡಿದಾದ ತಿರುವಿನ ತ್ರಿಜ್ಯ 175 ಮೀಟರ್, ಎಚ್‌ಒ ಅಳತೆಯಲ್ಲಿ ಎರಡು ಮೀಟರ್. ಹಾಗಾಗಿ ತಿರುವುಗಳನ್ನು ಮರೆ ಮಾಡಬೇಕು. ಬಯಲುಸೀಮೆಗೆ ಸುರಂಗ ಹೊಂದುವುದಿಲ್ಲ. ಒಂದು ತುದಿಗೆ ಚಿತ್ರದುರ್ಗದ ಬಂಡೆಗುಡ್ಡ, ಇನ್ನೊಂದು ತುದಿಗೆ ರಸ್ತೆಯ ಮೇಲ್ಸೇತುವೆ ಮತ್ತು ಅಡಿಕೆ ತೋಟ ಇಡಿ. ಬಂಡೆಯ ಹಿಂದೆ ಹೋದ ಗಾಡಿ ಎಷ್ಟು ತಿರುಗಿತು ಎಂದು ನೋಡುವವರಿಗೆ ತಿಳಿಯುವುದಿಲ್ಲ.

ಹಳಿ ಕೊಳ್ಳುವಾಗ ನಿಕಲ್ ಸಿಲ್ವರ್ ಹಳಿಯೇ ಕೊಳ್ಳಿ, ಉಕ್ಕಿನದು ತುಕ್ಕು ಹಿಡಿದು ಕರೆಂಟ್ ನಿಲ್ಲಿಸುತ್ತದೆ. ಕೆಳಗೆ 3ರಿಂದ 5 ಮಿ.ಮೀ. ಕಾರ್ಕ್ ಹಾಳೆ ಹಾಸಿ, ಇಲ್ಲದಿದ್ದರೆ ಹಲಗೆ ಗುಡುಗುಡು ಸದ್ದು ಮಾಡುತ್ತದೆ. ಓಡಿಸಲು 12 ವೋಲ್ಟ್ ಡಿಸಿ ಕಂಟ್ರೋಲರ್ ಸಾಕು. ಮನೆಯ 230 ವೋಲ್ಟಿಗೆ ಕೈ ಹಾಕದೆ ಸಿದ್ಧ ಅಡಾಪ್ಟರ್ ಬಳಸಿ. ಹಳಿಯ ಜೋಡಣೆಗಳನ್ನು ನಂಬಿ ಒಂದೇ ಕಡೆ ವೈರ್ ಕೊಡಬೇಡಿ. ಮೂರಡಿಗೊಂದರಂತೆ ಎರಡೂ ಹಳಿಗೆ ವೈರ್ ಬೆಸೆದು ಕೆಳಗಿಳಿಸಿ, ಒಂದು ಬದಿಗೆ ಕೆಂಪು, ಇನ್ನೊಂದಕ್ಕೆ ಕಪ್ಪು. ಜಲ್ಲಿ ಹಾಕುವ ಮೊದಲು ವಾರಗಟ್ಟಲೆ ಓಡಿಸಿ ನೋಡಿ. ಎಲ್ಲಿ ಹಳಿ ತಪ್ಪುತ್ತದೆ, ಎಲ್ಲಿ ನಿಲ್ಲುತ್ತದೆ ಎನ್ನುವುದು ಆಗಲೇ ಗೊತ್ತಾಗಬೇಕು.

ಜಲ್ಲಿ ಹಾಕುವುದು

ಇಡೀ ಕೆಲಸದಲ್ಲಿ ತಾಳ್ಮೆ ಬೇಡುವುದು ಇದೇ. ಫಲ ಕೊಡುವುದೂ ಇದೇ. ಆಟಿಕೆ ಹಳಿ ರೈಲ್ವೆ ಹಳಿಯಾಗುವುದು ಜಲ್ಲಿ ಬಿದ್ದ ಮೇಲೆ.

ರೈಲ್ವೆ ಜಲ್ಲಿ 20ರಿಂದ 65 ಮಿ.ಮೀ. ಗಾತ್ರದ್ದು. ಎಚ್‌ಒದಲ್ಲಿ ಅದು ಒಂದು ಮಿ.ಮೀ.ಗಿಂತ ಸಣ್ಣ ಕಣ. ಎಂ-ಸ್ಯಾಂಡ್ ಇದಕ್ಕೆ ಚೆನ್ನ, ಕಲ್ಲು ಒಡೆದೇ ಮಾಡಿದ್ದು, ಅಂಚು ಚೂಪಾಗಿರುತ್ತದೆ. ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದಿದ್ದನ್ನು ತೊಳೆದು ದೂಳು ಬಿಡಿಸಿ, ಬಿಸಿಲಿಗೆ ಒಣಗಿಸಿ.

ಈಗ ನಮ್ಮ ಸೀಮೆಯವರು ಮರೆಯಬಾರದ ಒಂದು ಕೆಲಸ. ಒಣಗಿದ ಮರಳನ್ನು ಬಿಳಿ ಹಾಳೆಯ ಮೇಲೆ ತೆಳ್ಳಗೆ ಹರಡಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಮರಳಿನ ಮೇಲೆ ನಿಧಾನವಾಗಿ ಆಡಿಸಿ. ಕಬ್ಬಿಣದ ಅಂಶವಿರುವ ಕಪ್ಪು ಕಣಗಳು ಕವರಿಗೆ ಮುಳ್ಳು ಮುಳ್ಳಾಗಿ ಎದ್ದು ಅಂಟುತ್ತವೆ. ಕವರನ್ನು ಒಳಹೊರಗೆ ಮಗುಚಿ ಎಸೆದುಬಿಡಿ. ಮತ್ತೆ ಆಡಿಸಿ. ಏನೂ ಅಂಟದಿರುವವರೆಗೆ ಬಿಡಬೇಡಿ. ಎಂಜಿನ್ನಿನ ಮೋಟಾರಿನಲ್ಲಿ ಬಲವಾದ ಅಯಸ್ಕಾಂತ ಇರುತ್ತದೆ, ಹಳಿಯಿಂದ ಅದಕ್ಕೆ ಇರುವ ಅಂತರ ಬೆರಳಷ್ಟೂ ಇಲ್ಲ. ಈ ಕಣ ಒಳಗೆ ಸೇರಿದರೆ ಹಲ್ಲುಚಕ್ರ ಸವೆದು ಮೋಟಾರ್ ಹಾಳಾಗುತ್ತದೆ. ಕೆಮ್ಮಣ್ಣನ್ನೂ ಇದೇ ರೀತಿ ಪರೀಕ್ಷೆ ಮಾಡಿಯೇ ಬಳಸಿ.

ಮರಳನ್ನು ಚಮಚದಲ್ಲಿ ಹಳಿಗಳ ನಡುವೆ ಸುರಿದು, ಮೆತ್ತನೆ ಬ್ರಷ್‌ನಿಂದ ಸರಿಸುತ್ತಾ ಹೋಗಿ. ಹಳಿಯನ್ನು ಹೊತ್ತ ಅಡ್ಡಪಟ್ಟಿಗಳ, ಅಂದರೆ ಸ್ಲೀಪರ್‌ಗಳ ಮೇಲ್ಮೈ ಕಾಣಬೇಕು, ಹಳಿಯ ಒಳಬದಿಗೆ ಒಂದು ಕಣವೂ ಒರಗಿರಬಾರದು. ಅಂಟು ಬಿದ್ದ ಮೇಲೆ ತೆಗೆಯುವುದು ಭಾರಿ ಕಷ್ಟ. ನಂತರ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಸ್ಪ್ರೇ ಬಾಟಲಿಯಿಂದ ಮಂಜಿನಂತೆ ಸಿಂಪಡಿಸಿ. ಸೋಪಿಲ್ಲದಿದ್ದರೆ ಅಂಟು ಮೇಲೇ ಗುಂಡಗೆ ನಿಂತು ಮರಳನ್ನು ಎಳೆದಾಡುತ್ತದೆ. ಒಂದು ಪಾಲು ಫೆವಿಕಾಲ್‌ಗೆ ಎರಡು ಮೂರು ಪಾಲು ನೀರು ಬೆರೆಸಿ, ಸಿರಿಂಜಿನಲ್ಲಿ ಹನಿ ಹನಿಯಾಗಿ ಬಿಡಿ. ಪಾಯಿಂಟ್‌ಗಳ ಹತ್ತಿರ ಬಂದಾಗ ಕೈ ಬಿಗಿ ಹಿಡಿಯಿರಿ. ಆ ಚಲಿಸುವ ನಾಲಿಗೆಗಳ ಕೆಳಗೆ ಅಂಟು ಹೋದರೆ ಪಾಯಿಂಟ್ ಕಚ್ಚಿಕೊಂಡುಬಿಡುತ್ತದೆ. ಒಂದು ರಾತ್ರಿ ಮುಟ್ಟಬೇಡಿ. ಬೆಳಿಗ್ಗೆ ಹಳಿಯ ತಲೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಉಪ್ಪುಕಾಗದ ಉಜ್ಜಿದರೆ ಗೀರು ಬಿದ್ದು, ಅದರಲ್ಲಿ ಕೊಳೆ ಕೂರುತ್ತದೆ.

ಕೊನೆಗೆ ಬಣ್ಣ. ಹಳಿಯ ಪಕ್ಕಕ್ಕೆ ತುಕ್ಕಿನ ಕಂದು, ಕಾಂಕ್ರೀಟ್ ಸ್ಲೀಪರಿಗೆ ಮಾಸಿದ ಬೂದು. ಗಾಡಿ ನಿಲ್ಲುವ ಜಾಗದಲ್ಲಿ ಎಣ್ಣೆಯ ಕಪ್ಪು ಕಲೆ. ಅದಿರು ತುಂಬುವ ಸೈಡಿಂಗ್ ಇದ್ದರೆ ಜಲ್ಲಿ, ಗಿಡ, ಬೇಲಿ ಎಲ್ಲಕ್ಕೂ ಕೆಂಪು ದೂಳು ಹಿಡಿದಿರಬೇಕು.

ಬಂಡೆ, ಹೊಲ, ಮರ

ದುರ್ಗದ ಬಂಡೆಗಳು ದುಂಡಗೆ, ಒಂದರ ಮೇಲೊಂದು ಪೇರಿಸಿದ ಹಾಗೆ ಇರುತ್ತವೆ. ಥರ್ಮಕೋಲ್ ತುಂಡುಗಳನ್ನು ಕೆತ್ತಿ ದುಂಡು ಮಾಡಿ, ಫೆವಿಕಾಲ್‌ನಿಂದಲೇ ಅಂಟಿಸಿ. ರಬ್ಬರ್ ಅಂಟು, ಸ್ಪ್ರೇ ಪೇಂಟ್ ತಾಗಿದರೆ ಥರ್ಮಕೋಲ್ ಕರಗಿಹೋಗುತ್ತದೆ. ಮೇಲೆ ಗೋಡೆಗೆ ಹಚ್ಚುವ ಪುಟ್ಟಿ ಬಳಿದು, ಒಣಗುವ ಮೊದಲು ಒದ್ದೆ ಸ್ಪಂಜಿನಿಂದ ತಟ್ಟಿದರೆ ಬಂಡೆಯ ಒರಟು ಮೈ ಬರುತ್ತದೆ. ಬರೀ ಬೂದು ಬಣ್ಣ ಬಳಿದರೆ ಸಿಮೆಂಟ್ ಮುದ್ದೆಯೇ ಸರಿ. ಬೂದಿಗೆ ಚೂರು ಕಂದು, ಚೂರು ಗುಲಾಬಿ ಬೆರೆಸಿ. ಮೇಲೆ ನೀರಾದ ಕಪ್ಪು ಹರಿಸಿ ಸಂದುಗಳಿಗೆ ಇಳಿಸಿ. ಕೊನೆಗೆ ಬಹುತೇಕ ಒಣಗಿದ ಬ್ರಷ್‌ನಲ್ಲಿ ತಿಳಿ ಬಣ್ಣವನ್ನು ಉಬ್ಬುಗಳಿಗೆ ಮಾತ್ರ ಸವರಿ. ಮಳೆ ನೀರು ಇಳಿದ ಕಪ್ಪು ಪಟ್ಟೆಗಳು ನಿಜವಾದ ಬಂಡೆಯಲ್ಲಿ ಮೇಲಿಂದ ಕೆಳಕ್ಕೆ ಇರುತ್ತವೆ, ಅದನ್ನು ಬಿಡಬೇಡಿ.

ಒಣಗಿದ ತುಳಸಿ ಕಡ್ಡಿಗಳ ಕವಲು ಬೇವಿನ ಮರಕ್ಕೆ ಹೇಳಿ ಮಾಡಿಸಿದಂತಿದೆ. ಸ್ಪಂಜನ್ನು ಹಳೆಯ ಮಿಕ್ಸಿಯಲ್ಲಿ ಪುಡಿ ಮಾಡಿ, ಹಸಿರು ಬಣ್ಣ ಹಾಕಿ ಒಣಗಿಸಿದರೆ ಎಲೆ. ತೆಂಗಿನ ನಾರಿನ ಕಾಲೊರೆಸಿನಿಂದ ಕಿತ್ತ ನಾರನ್ನು ಸಾಲಾಗಿ ನೆಟ್ಟರೆ ಮೆಕ್ಕೆಜೋಳದ ಹೊಲ. ಹಸಿರನ್ನು ಜಾಸ್ತಿ ಮಾಡಬೇಡಿ. ಏಪ್ರಿಲ್ ತಿಂಗಳ ಚಿತ್ರದುರ್ಗ ಒಣ ಹುಲ್ಲಿನ ಬಣ್ಣದ್ದು.

ಎಂಜಿನ್, ಬೋಗಿ

ಎಂಜಿನ್ನಿನ ಮೋಟಾರು ಮತ್ತು ಚಕ್ರ ಕೊಂಡದ್ದೇ ಇರಲಿ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯೂಡಿಜಿ-4 ಎಂಜಿನ್ ಮೂಲತಃ ಅಮೆರಿಕದ ಇಎಂಡಿ ವಿನ್ಯಾಸ. ಆ ಕಂಪನಿಯ ಆರು ಆಕ್ಸಲ್‌ನ ಡೀಸೆಲ್‌ಗಳ ಎಚ್‌ಒ ಮಾದರಿಗಳು ಸುಲಭವಾಗಿ ಸಿಗುತ್ತವೆ. ಅವುಗಳ ತಳ ಇಟ್ಟುಕೊಂಡು ಮೇಲಿನ ಮೈಯನ್ನು ನಾವು ಕಟ್ಟಬಹುದು.

ಚೆನ್ನೈನ ಐಸಿಎಫ್ ಕಾರ್ಖಾನೆಯ ವಿನ್ಯಾಸದ ನೀಲಿ ಬೋಗಿ 21.3 ಮೀಟರ್ ಉದ್ದ, 3.2 ಮೀಟರ್ ಅಗಲ. ಎಚ್‌ಒದಲ್ಲಿ ಇಪ್ಪತ್ನಾಲ್ಕೂವರೆ ಸೆಂ.ಮೀ. ಉದ್ದ, 37 ಮಿ.ಮೀ. ಅಗಲ. ಮದುವೆ ಕರೆಯೋಲೆಯ ದಪ್ಪ ಕಾರ್ಡು ಇದಕ್ಕೆ ಒಳ್ಳೆಯ ಸಾಮಗ್ರಿ. ಎರಡು ಪದರ ಅಂಟಿಸಿ, ಕಿಟಕಿಗಳನ್ನು ಹೊಸ ಬ್ಲೇಡಿನಿಂದ ಕೊರೆಯಿರಿ. ಒಳಪದರದಲ್ಲಿ ಕಿಟಕಿ ಸರಳುಗಳ ಗೆರೆ ಎಳೆದ ಪಾರದರ್ಶಕ ಹಾಳೆ ಇಡಿ. ಹಗುರ ಬೋಗಿ ತಿರುವಿನಲ್ಲಿ ಮಗುಚುತ್ತದೆ, ಆದ್ದರಿಂದ ತಳದಲ್ಲಿ, ನಟ್ಟ ನಡುವೆ, ಕಬ್ಬಿಣದ ನಟ್ಟುಗಳನ್ನು ಅಂಟಿಸಿ ತೂಕ ಕೊಡಿ. ಹೊಸ ಬಣ್ಣ ಹೊಳೆಯಬಾರದು. ಶಾಲೆಯ ಚಾಕ್‌ಪೀಸ್ ಮತ್ತು ಜರಡಿ ಹಿಡಿದ ಕೆಮ್ಮಣ್ಣನ್ನು ಬೆರಳಲ್ಲಿ ತೇದರೆ, ಬೋಗಿಯ ಕೆಳಭಾಗದಲ್ಲಿ ಬ್ರೇಕ್ ದೂಳಿನ ಕಂದು ಕೂರುತ್ತದೆ.

ಓಡಿಸುವಾಗ

ಎಲ್ಲರೂ ಜೋರಾಗಿ ಓಡಿಸುತ್ತಾರೆ. ಲೂಪ್ ಲೈನಿಗೆ 30 ಕಿ.ಮೀ. ವೇಗದಲ್ಲಿ ಬರುವ ಗೂಡ್ಸ್, ಎಚ್‌ಒದಲ್ಲಿ ಒಂದು ಮೀಟರ್ ಸಾಗಲು ಹತ್ತು ಸೆಕೆಂಡ್ ತೆಗೆದುಕೊಳ್ಳಬೇಕು. 100 ಕಿ.ಮೀ. ವೇಗದ ಎಕ್ಸ್‌ಪ್ರೆಸ್ಸಿಗೆ ಮೂರು ಸೆಕೆಂಡ್. ಗಡಿಯಾರ ಹಿಡಿದು ಕಂಟ್ರೋಲರಿನ ಮೇಲೆ ಆ ಎರಡು ಗುರುತು ಮಾಡಿಕೊಳ್ಳಿ. ಅದಿರು ಗಾಡಿಯನ್ನು ಲೂಪಿಗೆ ತಂದು ನಿಲ್ಲಿಸಿ, ಆ ಹಳಿಯ ಕರೆಂಟ್ ಕಡಿದು, ಪಾಯಿಂಟ್ ಬದಲಿಸಿ, ಮೇನ್ ಲೈನಿನಲ್ಲಿ ಪ್ಯಾಸೆಂಜರ್ ಬಿಡಿ. ಅದು ಬಂಡೆಯ ಹಿಂದೆ ಹೋದ ಮೇಲೆ ಗೂಡ್ಸ್ ಹೊರಡಲಿ. ಇದಕ್ಕಾಗಿ ಲೂಪಿನ ಒಂದು ಹಳಿಯಲ್ಲಿ ಎರಡೂ ತುದಿಗೆ ಕರೆಂಟ್ ಹರಿಯದ ಪ್ಲಾಸ್ಟಿಕ್ ಜೋಡಣೆ ಮತ್ತು ಒಂದು ಸ್ವಿಚ್ ಮೊದಲೇ ಹಾಕಿರಬೇಕು.

ಆಟ ಮುಗಿದ ಮೇಲೆ ಹಳೆಯ ಕಾಟನ್ ಸೀರೆ ಹೊದಿಸಿ, ಇಲ್ಲಿನ ಬೇಸಿಗೆ ದೂಳು ಹಳಿಗೆ ಶತ್ರು. ಮುಂದೆ ಬಳ್ಳಾರಿ ಕವಲು ಸೇರಿಸುವ ಮನಸ್ಸಿದ್ದರೆ, ಹಲಗೆಯ ಒಂದು ಮೂಲೆಯತ್ತ ಹೋಗುವ ಪಾಯಿಂಟ್ ಒಂದನ್ನು ಜಲ್ಲಿ ಹಾಕುವ ಮೊದಲೇ ಜೋಡಿಸಿಡಿ. ಆಮೇಲೆ ಅಂಟು ಕಿತ್ತು ಹಾಕುವುದಕ್ಕಿಂತ ಇದು ಎಷ್ಟೋ ಸುಲಭ.